‘ಹೊಸ ಪ್ರಭೇದ’ ಎಷ್ಟು ಹೊಸದು?

ರೋಗಿಯೊಬ್ಬರ ಮಾದರಿಯಲ್ಲಿ ಹೊಸ ಬ್ಯಾಕ್ಟೀರಿಯಾ ಪ್ರಭೇದವನ್ನು ಗುರುತಿಸಿದ ವರದಿ ಬಂದರೆ ಸಾಕು, ತಲೆಬರಹದಲ್ಲಿ ಅದು ‘ಹೊಸ ತಳಿ ಹುಟ್ಟಿದೆ’ ಎಂದಾಗುತ್ತದೆ. ಮೂರು ಪದ, ಎರಡು ತಪ್ಪು. ತಳಿ ಪ್ರಭೇದದ ಒಳಗಿನ ಕವಲು. ಆ ಜಗಳ ಇಲ್ಲಿಗೇ ಸಾಕು. ತಾಳ್ಮೆ ಕೆಡಿಸುವುದು ‘ಹುಟ್ಟಿದೆ’ ಎಂಬ ಮಾತು.

‘ಹೊಸ’ ಎನ್ನುವುದು ನಮ್ಮ ದಾಖಲೆಯ ಮಾತು, ಜೀವಿಯ ವಯಸ್ಸು ಅದರಲ್ಲಿಲ್ಲ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸಮಾವೇಶಕ್ಕೆ ಸೇರಿದ್ದ ಮಾಜಿ ಸೈನಿಕರಲ್ಲಿ ಹಲವರು ನ್ಯುಮೋನಿಯಾದಿಂದ ಸತ್ತರು. ಕಾರಣವಾದ ಬ್ಯಾಕ್ಟೀರಿಯಾ ಪತ್ತೆಯಾದದ್ದು ಮರುವರ್ಷ, ಲೀಜಿಯೊನೆಲ್ಲಾ ನ್ಯೂಮೋಫಿಲಾ ಎಂಬ ಹೆಸರು ಬಂದದ್ದು 1979ರಲ್ಲಿ. ಆದರೆ 1947ರಲ್ಲೇ ಸಿಕ್ಕಿ, ಏನೆಂದು ತಿಳಿಯದೆ ಪ್ರಯೋಗಾಲಯದಲ್ಲಿ ಉಳಿದಿದ್ದ ಜೀವಿಯೂ ಅದೇ ಎಂದು ಆಮೇಲೆ ಗೊತ್ತಾಯಿತು. ಎಲಿಜಬೆತ್‌ಕಿಂಗಿಯಾ ಅನಾಫೆಲಿಸ್‌ನದೂ ಇಂಥದೇ ಕಥೆ. ಈ ಬ್ಯಾಕ್ಟೀರಿಯಾ ಅನಾಫೆಲಿಸ್ ಸೊಳ್ಳೆಯ ಕರುಳಿನಲ್ಲಿ ಸಿಕ್ಕಿ 2011ರಲ್ಲಿ ಹೆಸರು ಪಡೆಯಿತು. ಬಳಿಕ ಜೀನೋಮ್, ಅಂದರೆ ಜೀವಿಯ ಇಡೀ ಡಿಎನ್‌ಎ, ಓದಿ ನೋಡಿದರೆ, ಮೆನಿಂಗೊಸೆಪ್ಟಿಕಾ ಎಂಬ ನೆಂಟನ ಖಾತೆಗೆ ಬರೆದಿದ್ದ ಹಲವು ಸೋಂಕುಗಳು ಇದರವೇ. (ಹೆಸರು ನೋಡಿ ಇದನ್ನು ಸೊಳ್ಳೆಯೇ ಹರಡುತ್ತದೆ ಎನ್ನುವವರಿಗೆ: ಅದಕ್ಕೆ ಪುರಾವೆ ಇಲ್ಲ.)

ಹಾಗಾದರೆ ಬೇರೆ ಪ್ರಭೇದವೆಂದು ತೀರ್ಮಾನಿಸುವುದು ಹೇಗೆ? ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ 16ಎಸ್ ಆರ್‌ಆರ್‌ಎನ್‌ಎ ಜೀನಿನ ಹೋಲಿಕೆ ಸುಮಾರು ಶೇ. 98.7ಕ್ಕಿಂತ ಕಡಿಮೆಯಿದ್ದರೆ ಬೇರೆಯದೇ ಎನ್ನಬಹುದು. ಹೆಚ್ಚಿದ್ದ ಮಾತ್ರಕ್ಕೆ ಒಂದೇ ಎನ್ನುವಂತಿಲ್ಲ. ಆಗ ಇಡೀ ಜೀನೋಮನ್ನು ಹೋಲಿಸಬೇಕು; ಅಲ್ಲಿ ಹೋಲಿಕೆಯ ಗಡಿ ಶೇ. 95–96. ಜೊತೆಗೆ ಮಾದರಿ ತಳಿಯನ್ನು, ಅಂದರೆ ಪ್ರಭೇದದ ಗುರುತಿಗೆ ಆಧಾರವಾದ ತಳಿಯನ್ನು, ಎರಡು ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇಡದಿದ್ದರೆ ಹೆಸರಿಗೆ ಅಧಿಕೃತ ಮಾನ್ಯತೆ ಸಿಗದು.

ಇನ್ನು ಇಂಥ ಬ್ಯಾಕ್ಟೀರಿಯಾಗಳಿಗೆ ಹಚ್ಚುವ ‘ಅವಕಾಶವಾದಿ’ ಎಂಬ ಪಟ್ಟ. ರಾಜಕೀಯದಿಂದ ಬಂದ ಈ ಪದ ಬ್ಯಾಕ್ಟೀರಿಯಾಕ್ಕೆ ಇಲ್ಲದ ಕುಟಿಲತೆಯನ್ನು ಅಂಟಿಸುತ್ತದೆ. ಇಲ್ಲಿ ಅದು ಹೇಳುವುದು ರೋಗಿಯ ಸ್ಥಿತಿಯನ್ನು: ಕುಗ್ಗಿದ ರೋಗನಿರೋಧಕ ಶಕ್ತಿ, ಕ್ಯಾಥೆಟರ್, ವೆಂಟಿಲೇಟರ್. ಬರ್ಕ್‌ಹೋಲ್ಡೇರಿಯಾ ಸೆಪೇಸಿಯಾವನ್ನು 1950ರಲ್ಲಿ ವಿವರಿಸಿದ್ದು ಈರುಳ್ಳಿ ಕೊಳೆಸುವ ಜೀವಿಯೆಂದು. ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಅಂಟು ಕಫ ಕಟ್ಟುವ ಆನುವಂಶಿಕ ಕಾಯಿಲೆ) ಇರುವವರ ಶ್ವಾಸಕೋಶದಲ್ಲಿ ಅದೇ ಬಳಗ ಪ್ರಾಣಕ್ಕೆ ಎರವಾಗಬಲ್ಲದು. ಆರೋಗ್ಯವಂತರಿಗೆ ಸಾಮಾನ್ಯವಾಗಿ ಏನೂ ಮಾಡದು.

ಆದ್ದರಿಂದ ‘ರೋಗಿಯಲ್ಲಿ ಸಿಕ್ಕಿತು’ ಎಂಬುದನ್ನು ‘ರೋಗ ತಂದಿತು’ ಎಂದು ಓದಬೇಡಿ. ಕಫದಲ್ಲಿ ಒಮ್ಮೆ ಕಂಡದ್ದು ಅಲ್ಲಿ ಸುಮ್ಮನೆ ನೆಲೆಸಿದ್ದಿರಬಹುದು, ಮಾದರಿ ಕಲುಷಿತವಾಗಿರಲೂಬಹುದು. ರಕ್ತದಲ್ಲೋ ಮಿದುಳುಬಳ್ಳಿಯ ದ್ರವದಲ್ಲೋ ಮತ್ತೆ ಮತ್ತೆ ಕಂಡು, ರೋಗಲಕ್ಷಣಗಳೂ ಅದಕ್ಕೆ ತಾಳೆಯಾದರೆ ಆಗ ಆರೋಪ ಹೊರಿಸಬಹುದು.