ಬಾಗುವ ಎಲೆಕ್ಟ್ರೋಕ್ರೋಮಿಕ್ ಪದರಗಳು: ಮುಂಬಯಿಯ ಮಾಟುಂಗಾ, ಪವಾಯಿಯ ಕನ್ನಡದ ಸಹಪಾಠಿಗಳಿಗೆ ಒಂದು ಟಿಪ್ಪಣಿ

ಎಲೆಕ್ಟ್ರೋಕ್ರೋಮಿಕ್ ಎಂದರೆ ವೋಲ್ಟೇಜ್ ಕೊಟ್ಟಾಗ ಬಣ್ಣ ಬದಲಿಸುವ ವಸ್ತು. ಅವುಗಳಲ್ಲಿ ಟಂಗ್‌ಸ್ಟನ್ ಆಕ್ಸೈಡಿನ ಪಾಠವನ್ನು ಮೊದಲು ಗಟ್ಟಿ ಮಾಡಿಕೊಳ್ಳಿ, ಅರ್ಧ ಪಾಠ ಅಲ್ಲೇ ಮುಗಿಯುತ್ತದೆ. 1969ರಲ್ಲಿ ಎಸ್. ಕೆ. ದೇಬ್ ಬಣ್ಣ ಬದಲಾವಣೆಯನ್ನು ವರದಿ ಮಾಡಿದ್ದು ಇದರ ತೆಳುಪದರದಲ್ಲೇ. ಸಣ್ಣ ವೋಲ್ಟೇಜ್ ಕೊಟ್ಟರೆ ಲಿಥಿಯಂ ಅಯಾನುಗಳೂ ಎಲೆಕ್ಟ್ರಾನುಗಳೂ ಒಟ್ಟಿಗೆ ಒಳಸೇರಿ ಪದರ ಕಡುನೀಲಿಯಾಗುತ್ತದೆ. ಧ್ರುವ ಬದಲಿಸಿದರೆ ಎರಡೂ ಹೊರಬಂದು ಮತ್ತೆ ತಿಳಿಯಾಗುತ್ತದೆ. ಎದುರಿನ ಪದರಕ್ಕೆ ಸಾಮಾನ್ಯವಾಗಿ ನಿಕಲ್ ಆಕ್ಸೈಡ್, ನಡುವೆ ಅಯಾನುಗಳನ್ನು ಸಾಗಿಸುವ ಜೆಲ್ ಎಲೆಕ್ಟ್ರೋಲೈಟ್, ಎರಡೂ ಹೊರಬದಿಗೆ ಪಾರದರ್ಶಕ ವಾಹಕ. ಬ್ಯಾಟರಿ ಓದಿದವರಿಗೆ ಇದರಲ್ಲಿ ಹೊಸದೇನಿಲ್ಲ.

ತಕರಾರು ಇರುವುದು ಆ ವಾಹಕದಲ್ಲಿ. ಸಾಮಾನ್ಯವಾಗಿ ಬಳಸುವ ಇಂಡಿಯಂ ಟಿನ್ ಆಕ್ಸೈಡ್ ಪಿಂಗಾಣಿ ಜಾತಿಯ ವಸ್ತು. ಶೇಕಡಾ ಎರಡು ಮೂರರಷ್ಟು ಹಿಗ್ಗಿದರೆ ಬಿರುಕು ಬಿಡುತ್ತದೆ. ಒಂದು ಲೆಕ್ಕ ಮಾಡಿ ನೋಡಿ. ಬಾಗಿದ ಹಾಳೆಯ ಹೊರಮೈಯ ಹಿಗ್ಗುವಿಕೆ ಎಂದರೆ ಹಾಳೆಯ ದಪ್ಪವನ್ನು ಬಾಗಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದ್ದು. 0.1 ಮಿ.ಮೀ. ದಪ್ಪದ ಪಾಲಿಯೆಸ್ಟರ್ ಹಾಳೆಯನ್ನು 5 ಮಿ.ಮೀ. ತ್ರಿಜ್ಯಕ್ಕೆ ಬಾಗಿಸಿದರೆ ಶೇ 1, ಪದರ ಉಳಿದೀತು. 2 ಮಿ.ಮೀ.ಗೆ ಬಾಗಿಸಿದರೆ ಶೇ 2.5, ಕಥೆ ಮುಗಿಯಿತು. ಹಾಳೆಯ ದಪ್ಪ ಅರ್ಧವಾದರೆ ಹಿಗ್ಗುವಿಕೆಯೂ ಅರ್ಧ. ಆದ್ದರಿಂದ ತ್ರಿಜ್ಯವನ್ನೂ ದಪ್ಪವನ್ನೂ ಹೇಳದೆ ‘ಸಾವಿರಾರು ಬಾರಿ ಬಾಗಿಸಿದೆವು’ ಎಂದು ಬೀಗುವ ಪ್ರಬಂಧವನ್ನು ನಾನು ನಂಬುವುದಿಲ್ಲ.

ಇದರ ಬದಲಿಗೆ ಬೆಳ್ಳಿಯ ನ್ಯಾನೋತಂತಿಗಳ ಬಲೆ ಹಾಕಿದರೆ ಅದು ಸಲೀಸಾಗಿ ಬಾಗುತ್ತದೆ. ಆದರೆ ಬೆಳ್ಳಿ ಗಾಳಿಯ ಗಂಧಕಾಂಶಕ್ಕೆ ಕಪ್ಪಾಗುತ್ತದೆ, ಅಜ್ಜಿಯ ಕುಂಕುಮದ ಭರಣಿಯೇ ಸಾಕ್ಷಿ. ವಾಹಕ ಪಾಲಿಮರ್‌ಗಳು ಬಾಗುವುದರಲ್ಲಿ ಹಿಂದೆ ಬೀಳುವುದಿಲ್ಲ, ವಿದ್ಯುತ್ ರೋಧದಲ್ಲಿ ತುಸು ಹಿಂದೆ.

ಬಾಗುವುದು ಬೇರೆ, ಬಾಳುವುದು ಬೇರೆ. ಗಾಜು ನೀರಾವಿಯನ್ನು ಬಿಡುವುದಿಲ್ಲ, ಪಾಲಿಯೆಸ್ಟರ್ ನಿಧಾನಕ್ಕೆ ಬಿಡುತ್ತದೆ. ಜುಲೈ ತಿಂಗಳ ಮುಂಬಯಿಯಲ್ಲಿ ಬಾಗಿಲ ಚೌಕಟ್ಟೇ ಊದಿಕೊಳ್ಳುತ್ತದೆ. ಅಂಥ ಗಾಳಿಯಲ್ಲಿ ಜೆಲ್‌ಗೆ ನೀರು ಸೇರಿದರೆ ಬಣ್ಣ ಬದಲಿಸುವ ವೋಲ್ಟೇಜಿಗೇ ನೀರು ವಿಭಜನೆಯಾಗಿ ಅನಿಲದ ಗುಳ್ಳೆ ಏಳಬಹುದು. ಅಂಚಿನ ಸೀಲಿಂಗ್ ಬಗ್ಗೆ ಪಠ್ಯಗಳು ಒಂದೇ ಸಾಲಿನಲ್ಲಿ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಮುಪ್ಪು ಪದರದ ಒಳಗಿನದು. ಬಣ್ಣ ಏರಿ ಇಳಿಯುವ ಪ್ರತಿ ಆವರ್ತದಲ್ಲೂ ಕೆಲವು ಲಿಥಿಯಂ ಅಯಾನುಗಳು ಆಕ್ಸೈಡಿನ ಆಳದ ಜಾಗಗಳಲ್ಲಿ ಸಿಕ್ಕಿಕೊಂಡು ಹೊರಬರುವುದಿಲ್ಲ, ಬಣ್ಣದ ಅಂತರ ಕುಗ್ಗುತ್ತಾ ಹೋಗುತ್ತದೆ. ಸ್ವೀಡನ್ನಿನ ಉಪ್ಸಲಾ ತಂಡ 2015ರಲ್ಲಿ ಸ್ಥಿರ ಕರೆಂಟ್ ಹರಿಸಿ ಆ ಅಯಾನುಗಳನ್ನು ಹೊರಗೆಳೆದು, ಸೋತ ಪದರಕ್ಕೆ ಮತ್ತೆ ಕಸುವು ತುಂಬಿತು. ಇದಕ್ಕೆ ವಿಭವವನ್ನು (ವೋಲ್ಟೇಜನ್ನು) ಸಾಕಷ್ಟು ಮೇಲೇರಲು ಬಿಡಬೇಕು. ಮೌಖಿಕ ಪರೀಕ್ಷೆಯಲ್ಲಿ ಇದನ್ನು ಹೇಳುವುದಾದರೆ, ಪ್ಲಾಸ್ಟಿಕ್ ಸಾಧನದ ಜೆಲ್ ಆ ವಿಭವವನ್ನು ತಡೆದುಕೊಳ್ಳುತ್ತದೆಯೇ ಎಂಬ ಮರುಪ್ರಶ್ನೆಗೂ ತಯಾರಾಗಿ ಹೋಗಿ.