ಮಂಚ ತರುವ ಮೊದಲು ಬಚ್ಚಲುಮನೆ ನೋಡಿ

"ಡಾಕ್ಟ್ರೇ, ಇವಳಿಗೆ ಬರೋ ತಿಂಗಳು ಎರಡು ತುಂಬುತ್ತೆ. ಕ್ರಿಬ್ ತೆಗೆದು ಮಂಚಕ್ಕೆ ಹಾಕಲಾ?"

ನೆಗಡಿ ಅಂತ ಮಗುವನ್ನು ಕರೆತಂದಿದ್ದ ಒಬ್ಬ ತಾಯಿ ಹೊರಡುವಾಗ ಕೇಳಿದ ಪ್ರಶ್ನೆ ಇದು. ಬೆಂಗಳೂರಿನಲ್ಲಿ ಮಕ್ಕಳ ವೈದ್ಯೆಯಾಗಿರುವ ನನಗೆ ಈಗೀಗ ಇದು ಜಾಸ್ತಿ ಕೇಳಿಬರುತ್ತದೆ. ನಮ್ಮಲ್ಲಿ ಮಗು ತೊಟ್ಟಿಲಿನಿಂದಲೋ ಸೀರೆಯ ಜೋಲಿಯಿಂದಲೋ ಸೀದಾ ಅಜ್ಜಿಯ ಪಕ್ಕದ ಚಾಪೆಗೆ ಬರುತ್ತಿತ್ತು. ಬೀಳುವುದಕ್ಕೆ ಅಲ್ಲಿ ಎತ್ತರವೇ ಇರಲಿಲ್ಲ. ಈಗ ಫ್ಲ್ಯಾಟ್‌ಗಳಲ್ಲಿ ಸುತ್ತ ಕಂಬಿಯಿರುವ ಕ್ರಿಬ್ ಇದೆ, ಅದರ ಪಕ್ಕ ಎರಡಡಿ ಎತ್ತರದ ದೊಡ್ಡ ಮಂಚ ಇದೆ. ಅದರಿಂದ ಇದಕ್ಕೆ ಯಾವಾಗ, ಹೇಗೆ ಅನ್ನುವುದು ಅಪ್ಪ ಅಮ್ಮಂದಿರ ತಲೆ ತಿನ್ನುತ್ತದೆ.

ನಾನು ಆ ತಾಯಿಯನ್ನು ಮೊದಲು ಕೇಳಿದ್ದು, "ರಾತ್ರಿ ನಿಮ್ಮ ಬಾತ್‌ರೂಮ್ ಬಾಗಿಲಿಗೆ ಚಿಲಕ ಹಾಕಿರುತ್ತೀರಾ? ಬಕೆಟ್‌ನಲ್ಲಿ ನೀರಿರುತ್ತಾ?"

ಅವರಿಗೆ ಸಂಬಂಧ ಹೊಳೆಯಲಿಲ್ಲ. ಸಂಬಂಧ ಇದೆ. ಕ್ರಿಬ್ ಒಂದು ಬೇಲಿ. ಅದು ಇರುವ ತನಕ, ನಡುರಾತ್ರಿ ಎಚ್ಚರವಾದ ಮಗು ಅಲ್ಲೇ ಕಂಬಿ ಹಿಡಿದು ನಿಂತು ಕೂಗುತ್ತದೆ. ನೀವು ಎದ್ದು ಹೋಗುತ್ತೀರಿ. ಬೇಲಿ ತೆಗೆದ ರಾತ್ರಿಯಿಂದ ಮಗು ಕೂಗದೆಯೇ ಇಳಿದು ಹೊರಡಬಹುದು. ನೀವೆಲ್ಲ ಗಾಢ ನಿದ್ದೆಯಲ್ಲಿರುವಾಗ ಇಡೀ ಮನೆ ಅದರ ಕೈಗೆ ಸಿಗುತ್ತದೆ. ಹಾಗಾಗಿ ಯಾವ ಮಂಚ, ಎಷ್ಟು ಮೆತ್ತನೆಯ ಹಾಸಿಗೆ ಅನ್ನುವುದೆಲ್ಲ ಆಮೇಲಿನ ಮಾತು.

ಯಾವಾಗ ಅನ್ನುವುದನ್ನು ಮೊದಲು ಮುಗಿಸಿಬಿಡುತ್ತೇನೆ. ಹುಟ್ಟುಹಬ್ಬ ನೋಡಿ ಕ್ರಿಬ್ ಬಿಡಿಸಬೇಡಿ, ಟೇಪು ಹಿಡಿದು ಅಳೆಯಿರಿ. ಮಗುವಿನ ಎತ್ತರ 35 ಇಂಚು, ಅಂದರೆ ಸುಮಾರು 89 ಸೆಂಟಿಮೀಟರ್ ಮುಟ್ಟಿದರೆ ಕ್ರಿಬ್ ಬಿಡಿಸಿ ಎಂದು ಅಲ್ಲಿನ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಹೇಳುತ್ತದೆ. ನಿಂತಾಗ ಕಂಬಿಯ ಮೇಲಂಚು ಮಗುವಿನ ಎದೆಯ ಮಟ್ಟಕ್ಕಿಂತ ಕೆಳಗಿದ್ದರೂ ಅಷ್ಟೇ, ಬಿಡಿಸುವ ಕಾಲ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ ಎರಡು ವರ್ಷದ ಗಂಡುಮಗುವಿನ ಸರಾಸರಿ ಎತ್ತರ ಸುಮಾರು 87 ಸೆಂ.ಮೀ., ಹೆಣ್ಣುಮಗುವಿನದು ಸುಮಾರು 86. ಅಂದರೆ ತುಂಬಾ ಮಕ್ಕಳಿಗೆ ಎರಡು ತುಂಬಿದ ಮೇಲೂ ಇನ್ನೂ ಕೆಲವು ತಿಂಗಳು ಜಾಗ ಇರುತ್ತದೆ. ಆ ನೆಗಡಿಯ ಹುಡುಗಿಯನ್ನು ಅಲ್ಲೇ ನಿಲ್ಲಿಸಿ ಅಳೆದೆ. 83. "ಆರಾಮಾಗಿರಿ, ಟೈಮ್ ಇದೆ" ಅಂದೆ.

ಅಷ್ಟರೊಳಗೆ ಮಗು ಹತ್ತಿ ಇಳಿಯಲು ಶುರು ಮಾಡಿದರೆ? ಮೊದಲು ಒಳಗಿನ ಹಾಸಿಗೆಯನ್ನು ಕೊನೆಯ ಮಟ್ಟಕ್ಕೆ ಇಳಿಸಿ. ದಿಂಬು, ದೊಡ್ಡ ಗೊಂಬೆ ಇದ್ದರೆ ತೆಗೆಯಿರಿ, ಮಕ್ಕಳು ಅವನ್ನೇ ಮೆಟ್ಟಿಲು ಮಾಡಿಕೊಳ್ಳುತ್ತಾರೆ. ಇಷ್ಟಾದ ಮೇಲೂ ಕಾಲು ಆಚೆ ಹಾಕಿದರೆ ಅವತ್ತೇ ಕ್ರಿಬ್ ಬಿಡಿಸಿ. ನಾಳೆ ನೋಡೋಣ ಅನ್ನಬೇಡಿ. ಕಂಬಿಯ ಮೇಲಿಂದ ಮಗು ಬೀಳುವುದು ತಲೆ ಕೆಳಗಾಗಿ.

ಇವೆರಡೂ ಇಲ್ಲದಿದ್ದರೆ ಅವಸರ ಬೇಡ ಎಂದೇ ನನ್ನ ಸಲಹೆ. "ಇಲ್ಲೇ ಇರು, ಬೆಳಗಾಗೋವರೆಗೂ ಇಳೀಬೇಡ" ಅನ್ನುವ ಮಾತು ಮೂರರ ಹತ್ತಿರದ ಮಗುವಿಗೆ ಸ್ವಲ್ಪ ತಾಗುತ್ತದೆ. ಒಂದೂವರೆ ವರ್ಷದ ಮಗು ಮಾತನ್ನು ಕೇಳಿಸಿಕೊಳ್ಳುತ್ತದೆ, ಆದರೆ ತನ್ನನ್ನು ತಾನು ತಡೆದುಕೊಳ್ಳಲು ಅದಕ್ಕೆ ಬರುವುದಿಲ್ಲ. 2019ರಲ್ಲಿ ಪ್ರಕಟವಾದ, ಐದು ದೇಶಗಳ ಮಕ್ಕಳ ಮೇಲಿನ ಅಧ್ಯಯನವೊಂದರಲ್ಲಿ, ಒಂದೂವರೆಯಿಂದ ಮೂರು ವರ್ಷದೊಳಗೆ ಕ್ರಿಬ್‌ನಲ್ಲೇ ಇದ್ದ ಮಕ್ಕಳು ಮಂಚಕ್ಕೆ ಹೋದ ಮಕ್ಕಳಿಗಿಂತ ಜಾಸ್ತಿ ಹೊತ್ತು ನಿದ್ದೆ ಮಾಡುತ್ತಾರೆ ಎಂದು ಅಪ್ಪ ಅಮ್ಮಂದಿರು ಹೇಳಿದ್ದರು. ಅವೆಲ್ಲ ಅಮೆರಿಕ, ಆಸ್ಟ್ರೇಲಿಯಾದಂಥ ದೇಶಗಳು, ನಮ್ಮ ಮನೆಗಳಿಗೆ ಹಾಗೇ ಅಂಟಿಸಲು ಆಗುವುದಿಲ್ಲ. ಆದರೂ ಕ್ಲಿನಿಕ್‌ನಲ್ಲಿ ನಾನು ನೋಡುವುದಕ್ಕೆ ಅದು ಹೊಂದುತ್ತದೆ.

ಈಗ ಬಚ್ಚಲಿನ ವಿಷಯ. ನಮ್ಮ ಊರಿನಲ್ಲಿ ನೀರು ಹಿಡಿದಿಡುವುದು ಅಭ್ಯಾಸವಾಗಿಹೋಗಿದೆ. ಎಷ್ಟೋ ಏರಿಯಾಗಳಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗಂತೂ ಟ್ಯಾಂಕರ್ ನೀರನ್ನು ಸಿಕ್ಕ ಸಿಕ್ಕ ಬಕೆಟ್, ಡ್ರಮ್ಮುಗಳಲ್ಲಿ ತುಂಬಿಟ್ಟುಕೊಂಡೆವು. ದೊಡ್ಡವರಿಗೆ ಮೊಣಕಾಲುದ್ದದ ಬಕೆಟ್ ಒಂದೂವರೆ ಎರಡು ವರ್ಷದ ಮಗುವಿಗೆ ಹೊಟ್ಟೆ, ಎದೆಯ ಮಟ್ಟಕ್ಕೆ ಬರುತ್ತದೆ. ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆಯ ಭಾರ ಜಾಸ್ತಿ. ಮಗ್ಗು ಹಿಡಿಯಲು ಬಗ್ಗಿದರೆ ತಲೆ ಮೊದಲು ಒಳಗೆ ಹೋಗುತ್ತದೆ. ಕೈಯೂರಿ ಎದ್ದುಕೊಳ್ಳುವ ಶಕ್ತಿ ತೋಳಿನಲ್ಲಿ ಇರುವುದಿಲ್ಲ. ಮೂಗು ಬಾಯಿ ಮುಚ್ಚುವಷ್ಟು ನೀರಿದ್ದರೆ ಸಾಕು. ಕೂಗು ಕೇಳುವುದಿಲ್ಲ, ನೀರು ಚೆಲ್ಲಿದ ಸದ್ದು ಕೂಡ ಪಕ್ಕದ ಕೋಣೆಗೆ ಬರುವುದಿಲ್ಲ. ಇದನ್ನು ಬರೆಯುವಾಗ ನನ್ನ ಕೈ ತಡೆಯುತ್ತದೆ. ಆದರೆ ಬರೆಯದಿದ್ದರೆ ತಪ್ಪಾಗುತ್ತದೆ.

ಮಾಡಬೇಕಾದ್ದು ಇಷ್ಟೇ. ಮಲಗುವ ಮೊದಲು ಬಕೆಟ್ ಖಾಲಿ ಮಾಡಿ ಬೋರಲು ಹಾಕಿ. ನೀರು ಬೇಕೇಬೇಕು ಅಂದರೆ ಬಿಗಿಯಾಗಿ ಕೂರುವ ಮುಚ್ಚಳದ ಡ್ರಮ್ ಇಟ್ಟುಕೊಳ್ಳಿ. ಬಾಗಿಲಿಗೆ ಹೊರಗಿನಿಂದ, ಮಗುವಿಗೆ ಎಟುಕದ ಎತ್ತರದಲ್ಲಿ ಒಂದು ಚಿಲಕ ಹಾಕಿಸಿ. ಸ್ವಂತ ಮನೆಯವರು ಸಂಪಿನ ಮುಚ್ಚಳವನ್ನೂ ನೋಡಿಕೊಳ್ಳಿ.

ಬಚ್ಚಲಿನಿಂದ ಹೊರಗೆ ಬಂದು, ಮಗು ಮಲಗುವ ಕೋಣೆಯಲ್ಲಿ ಒಂದು ಸಲ ನೆಲದ ಮೇಲೆ ಕೂತು ಸುತ್ತ ನೋಡಿ. ನಿಂತಾಗ ಕಾಣದ್ದು ಕೂತಾಗ ಕಾಣುತ್ತದೆ. ಕೆಳಗಿನ ಸ್ವಿಚ್ ಬೋರ್ಡಿಗೆ ಚುಚ್ಚಿಟ್ಟ ಸೊಳ್ಳೆ ಓಡಿಸುವ ಲಿಕ್ವಿಡ್ ಮಷಿನ್ ಕಾಣುತ್ತದೆ. ಅದನ್ನು ಕಿತ್ತು ಬಾಯಿಗಿಟ್ಟುಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ. ಅದರಲ್ಲಿ ಕೀಟನಾಶಕದ ಜೊತೆಗೆ ಸೀಮೆಎಣ್ಣೆಯ ಜಾತಿಯ ದ್ರಾವಣವೂ ಇರಬಹುದು, ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ತರಬಲ್ಲದು. ಹಾಗೇನಾದರೂ ಆದರೆ ವಾಂತಿ ಮಾಡಿಸಲು ಹೋಗಬೇಡಿ, ಬಾಟಲಿ ಸಮೇತ ಆಸ್ಪತ್ರೆಗೆ ಬನ್ನಿ. ಮಷಿನ್ ಬದಲು ಸೊಳ್ಳೆ ಪರದೆ ಕಟ್ಟಿದರೆ ಇನ್ನೂ ಒಳ್ಳೆಯದು, ತುದಿಗಳನ್ನು ಹಾಸಿಗೆಯ ಕೆಳಗೆ ಸರಿಯಾಗಿ ಸಿಕ್ಕಿಸಿ. ಕಿಟಕಿಯ ಕೆಳಗೆ ಹಾಸಿಗೆ ಬೇಡ. ಹಳೆಯ ಮನೆಗಳಲ್ಲಿ ಕಿಟಕಿಗೆ ಗ್ರಿಲ್ ಇರುತ್ತಿತ್ತು. ಹೊಸ ಅಪಾರ್ಟ್‌ಮೆಂಟ್‌ಗಳ ಜಾರುವ ಗಾಜಿನ ಕಿಟಕಿಗೆ ಎಷ್ಟೋ ಕಡೆ ಬರೀ ಸೊಳ್ಳೆ ಜಾಲರಿ ಇದೆ. ಅದು ಸೊಳ್ಳೆಯನ್ನು ತಡೆಯುತ್ತದೆ, ಮಗುವನ್ನಲ್ಲ. ಡ್ರಾಯರ್ ಇರುವ ಕಪಾಟು, ಟಿವಿ ಸ್ಟ್ಯಾಂಡ್ ಗೋಡೆಗೆ ಸ್ಕ್ರೂ ಆಗಿರಲಿ. ಮುಂಬಾಗಿಲು, ಬಾಲ್ಕನಿ ಬಾಗಿಲಿಗೆ ಮೇಲಿನ ಬೋಲ್ಟ್ ಹಾಕಿ.

ಇಷ್ಟೆಲ್ಲ ಯಾಕೆ, ಕೋಣೆಗೆ ಹೊರಗಿನಿಂದ ಚಿಲಕ ಹಾಕಿದರೆ ಆಗಲ್ವಾ ಎಂದು ಕೆಲವರು ಕೇಳುತ್ತಾರೆ. ದಯವಿಟ್ಟು ಬೇಡ. ಬೆಂಕಿ, ಶಾರ್ಟ್ ಸರ್ಕ್ಯೂಟ್ ಅಂತ ಏನಾದರೂ ಆದರೆ ಕತ್ತಲಲ್ಲಿ ನಿಮಗೇ ಆ ಚಿಲಕ ಸಿಗುವುದಿಲ್ಲ. ಎದ್ದು ಬಾಗಿಲು ತಟ್ಟಿದ ಮಗುವಿಗೆ ಆಗುವ ಹೆದರಿಕೆ ಬೇರೆ. ನನ್ನ ಹತ್ತಿರ ಬರುವ ಒಬ್ಬ ಅಜ್ಜಿ ಬಾಗಿಲ ಹಿಡಿಗೆ, ಮಗುವಿಗೆ ಎಟುಕದಷ್ಟು ಮೇಲೆ, ಹಳೆಯ ಗೆಜ್ಜೆ ಕಟ್ಟಿದ್ದರು. ಬಾಗಿಲು ಅಲ್ಲಾಡಿದರೆ ಮನೆಯವರಿಗೆ ಎಚ್ಚರ. ಆಮೇಲಿಂದ ಎಲ್ಲರಿಗೂ ನಾನು ಅದನ್ನೇ ಹೇಳುತ್ತಿದ್ದೇನೆ.

ಇನ್ನು ಮಂಚ. ಮೊದಲ ಕೆಲವು ವಾರ ಮಂಚವೇ ಬೇಡ, ನೆಲದ ಮೇಲೆ ಹಾಸಿಗೆ ಹಾಕಿ. ನಮ್ಮವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಉರುಳಿದರೂ ನಾಲ್ಕು ಇಂಚು. ಕೆಳಗೆ ಚಾಪೆ ಇರಲಿ. ಮಳೆಗಾಲದಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಬಿಸಿಲು ಬಂದ ದಿನ ಒಣಗಿಸಿ. ಇಲ್ಲದಿದ್ದರೆ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ, ಉಬ್ಬಸ ಇರುವ ಮಕ್ಕಳಿಗೆ ಅದು ಆಗುವುದಿಲ್ಲ.

ಆಮೇಲೆ ಮಂಚ ಬೇಕೆಂದರೆ ಮೂರು ಆರಡಿಯ ಮಾಮೂಲಿ ಸಿಂಗಲ್ ಮಂಚವೇ ಸಾಕು. ಕಾರಿನ ಆಕಾರದ್ದು, ಕೋಟೆಯ ಆಕಾರದ್ದು ನೋಡಲು ಚೆಂದ, ಎರಡು ವರ್ಷದಲ್ಲಿ ಕಾಲು ಆಚೆ ಬರುತ್ತದೆ. ಕಾರ್ಪೆಂಟರ್ ಹತ್ತಿರ ಮಾಡಿಸುವುದಾದರೆ ಹಾಸಿಗೆ ಸೇರಿ ಒಂದಡಿಗಿಂತ ಎತ್ತರ ಬೇಡ ಎಂದು ಹೇಳಿ. ಮಗು ಬೆಳೆದ ಮೇಲೆ ಕಾಲಿಗೆ ಕಟ್ಟೆ ಕೊಟ್ಟು ಎತ್ತರಿಸಬಹುದು. ಎರಡಂತಸ್ತಿನ ಮಂಚದ ಮೇಲ್ಗಡೆ ಆರು ವರ್ಷದೊಳಗಿನವರು ಮಲಗಬಾರದು. ಹಾಸಿಗೆಗೂ ಗೋಡೆಗೂ ಮಧ್ಯೆ ಸಂದು ಇರಬಾರದು. ಆ ಸಂದಿಗೆ ದಿಂಬು ತುರುಕುವುದು ಪರಿಹಾರವಲ್ಲ, ದಿಂಬು ಜಾರಿದರೆ ಮಗುವಿನ ತಲೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಪಕ್ಕಕ್ಕೆ ಸಿಕ್ಕಿಸುವ ಬೆಡ್ ರೈಲ್‌ಗೂ ಇದೇ ಮಾತು. ಅದು ಎರಡರಿಂದ ಐದು ವರ್ಷದ, ತಾನಾಗಿಯೇ ಮಂಚ ಹತ್ತಿ ಇಳಿಯಬಲ್ಲ ಮಕ್ಕಳಿಗೆ. ಅದಕ್ಕಿಂತ ಚಿಕ್ಕವರು ರೈಲ್ ಮತ್ತು ಹಾಸಿಗೆಯ ಮಧ್ಯೆ ಸಿಕ್ಕಿ ಉಸಿರುಗಟ್ಟುವ ಅಪಾಯ ಇದೆ.

ಬೇರೆ ಕೋಣೆಯಲ್ಲೇ ಮಲಗಿಸಬೇಕಾ? ಇಂಥ ವಯಸ್ಸಿಗೆ ಮಗು ಬೇರೆ ಕೋಣೆಗೆ ಹೋಗಲೇಬೇಕೆಂಬ ವೈದ್ಯಕೀಯ ನಿಯಮ ಯಾವುದೂ ಇಲ್ಲ. ಎರಡು ಬೆಡ್‌ರೂಮ್‌ಗಳ ಮನೆಯಲ್ಲಿ ಒಂದು ಅಜ್ಜ ಅಜ್ಜಿಯರದಾದರೆ ಮಗುವಿನ ಹಾಸಿಗೆ ನಿಮ್ಮ ಮಂಚದ ಪಕ್ಕದಲ್ಲೇ ಇರಲಿ. ಅದರಿಂದ ಮಗು ಕೆಡುವುದಿಲ್ಲ.

ಮೊದಲ ರಾತ್ರಿ ಮಗು ಐದಾರು ಸಲ ಎದ್ದು ಬರಬಹುದು. ಪ್ರತಿ ಸಲವೂ ಕೈ ಹಿಡಿದು ಹಾಸಿಗೆಗೆ ಕರೆದುಕೊಂಡು ಹೋಗಿ. ದೊಡ್ಡ ದೀಪ ಹಾಕಬೇಡಿ, ಮೊಬೈಲ್ ತೋರಿಸಬೇಡಿ. "ರಾತ್ರಿ ಆಗಿದೆ ಕಂದ, ಮಲ್ಕೋ" ಅಷ್ಟೇ ಮಾತು, ಪ್ರತಿ ಸಲ ಅದೇ ಮಾತು. ಇವತ್ತು ಬೈದು, ನಾಳೆ ಎತ್ತಿಕೊಂಡು, ನಾಡಿದ್ದು ಕಾರ್ಟೂನ್ ಹಾಕಿದರೆ, ಎದ್ದು ಬಂದರೆ ಏನು ಸಿಗುತ್ತದೆ ನೋಡೋಣ ಎಂದು ಮಗು ದಿನಾ ಪರೀಕ್ಷೆ ಮಾಡುತ್ತದೆ. ಇದನ್ನು ಮನೆಯವರೆಲ್ಲ ಮೊದಲೇ ಕೂತು ಮಾತಾಡಿಕೊಳ್ಳಿ, ಅಜ್ಜಿಯನ್ನೂ ಸೇರಿಸಿ. "ಪಾಪ, ಅಳ್ತಿದೆ, ನನ್ನ ಪಕ್ಕ ಮಲಗಲಿ ಬಿಡಮ್ಮ" ಎಂದು ಅವರು ಹೇಳುವುದು ಪ್ರೀತಿಯಿಂದಲೇ. ಅವರ ಪಕ್ಕವೇ ಮಲಗುವುದಾದರೆ ದಿನಾ ಅಲ್ಲೇ ಮಲಗಲಿ, ನಡುರಾತ್ರಿ ಜಾಗ ಬದಲಾಗದಿರಲಿ. ಒಂದು ಮಾತ್ರ ಯಾರೂ ಮಾಡಬೇಡಿ. ಇಳಿದರೆ ಗುಮ್ಮ ಬರುತ್ತಾನೆ ಎನ್ನಬೇಡಿ. ಗುಮ್ಮ ಇರುವ ಕೋಣೆಯಲ್ಲಿ ಮಗು ಹೇಗೆ ನಿದ್ದೆ ಮಾಡಬೇಕು ಹೇಳಿ?

ನಿದ್ದೆಯ ಲೆಕ್ಕವನ್ನೂ ನೋಡಬೇಕು. ಒಂದರಿಂದ ಎರಡು ವರ್ಷದವರಿಗೆ ಹಗಲಿನ ನಿದ್ದೆ ಸೇರಿ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ಐದರವರಿಗೆ 10ರಿಂದ 13 ಗಂಟೆ ಬೇಕು. ಅಪ್ಪ ಅಮ್ಮ ಔಟರ್ ರಿಂಗ್ ರೋಡ್ ದಾಟಿ ಮನೆ ಸೇರುವಾಗ ಎಂಟೂವರೆ, ಊಟ ಆಟ ಮುಗಿಯುವಾಗ ಹನ್ನೊಂದು. ಬೆಳಿಗ್ಗೆ ಪ್ಲೇ ಹೋಮ್‌ಗೆ ಏಳೂವರೆಗೆ ಏಳಬೇಕು. ರಾತ್ರಿಯದು ಎಂಟೂವರೆ ಗಂಟೆ ಆಯಿತು. ನಿದ್ದೆ ಸಾಲದ ಮಗು ಮಂಕಾಗಿ ಕೂರುವುದಿಲ್ಲ, ಇನ್ನೂ ಜಾಸ್ತಿ ಕುಣಿಯುತ್ತದೆ. ಅದನ್ನು ಹೊಸ ಹಾಸಿಗೆಯ ತಪ್ಪು ಎಂದುಕೊಳ್ಳುತ್ತೇವೆ. ಮಂಚ ಬದಲಿಸುವುದಕ್ಕೆ ಎರಡು ವಾರ ಮೊದಲಿನಿಂದ ಮಲಗುವ ಹೊತ್ತನ್ನು ಹದಿನೈದು ಹದಿನೈದು ನಿಮಿಷ ಹಿಂದಕ್ಕೆ ತನ್ನಿ.

ಎರಡನೇ ಹೆರಿಗೆ ಹತ್ತಿರವಿರುವ ಮನೆಯವರು ಇದನ್ನು ಗಮನಿಸಿ. ಒಂದು ಮನೆಯಲ್ಲಿ ಅಮ್ಮ ಬಾಣಂತನಕ್ಕೆ ತವರಿಗೆ ಹೋಗಿ ಮೂರು ತಿಂಗಳಾದ ಮೇಲೆ ಬಂದಾಗ, ಎರಡೂವರೆ ವರ್ಷದ ಅಕ್ಕ ತನ್ನ ಕ್ರಿಬ್‌ನಲ್ಲಿ ತಮ್ಮ ಮಲಗಿದ್ದು ನೋಡಿದಳು. ಅವತ್ತು ರಾತ್ರಿಯಿಂದ ಅವಳು ಎಲ್ಲೂ ಮಲಗಲೊಲ್ಲಳು. ದೊಡ್ಡ ಮಗುವನ್ನು ಹಾಸಿಗೆಗೆ ಹಾಕುವುದಾದರೆ ಹೆರಿಗೆಗೆ ಆರರಿಂದ ಎಂಟು ವಾರ ಮೊದಲೇ ಹಾಕಿ, ಕ್ರಿಬ್ ಅನ್ನು ಕಣ್ಣಿಂದ ಮರೆ ಮಾಡಿ. ಆಗದಿದ್ದರೆ ಪಾಪು ಬಂದು ಎರಡು ಮೂರು ತಿಂಗಳು ಕಳೆಯಲಿ. ಪ್ಲೇ ಹೋಮ್ ಶುರುವಾದ ವಾರ, ಡೈಪರ್ ಬಿಡಿಸುವ ವಾರವೂ ಬೇಡ.

ಬಿದ್ದರೆ ಏನು ಮಾಡಬೇಕು? ಅತ್ತು, ಸುಧಾರಿಸಿಕೊಂಡು, ಆಟಕ್ಕೆ ಹೋದರೆ ಊದಿದ ಕಡೆ ತಣ್ಣೀರ ಬಟ್ಟೆ ಇಟ್ಟು ಒಂದು ದಿನ ಕಣ್ಣಿಡಿ. ಮಲಗುವ ಹೊತ್ತಾಗಿದ್ದರೆ ಮಲಗಲಿ, ಆದರೆ ನಡುವೆ ಎಬ್ಬಿಸಿದರೆ ಎಂದಿನಂತೆ ಗುರುತು ಹಿಡಿಯಬೇಕು. ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಷ್ಟು ಮಂಪರಿದ್ದರೆ, ಕಿವಿ ಮೂಗಿನಿಂದ ರಕ್ತವೋ ನೀರೋ ಬಂದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಎರಡು ವರ್ಷದೊಳಗಿನ ಮಗು ಮೂರಡಿಗಿಂತ ಎತ್ತರದಿಂದ ಬಿದ್ದರೆ ಚೆನ್ನಾಗಿಯೇ ಕಂಡರೂ ಒಮ್ಮೆ ವೈದ್ಯರಿಗೆ ತೋರಿಸಿ. ಒಂದು ಕೈ ಎತ್ತಲು ಅಳುತ್ತಿದ್ದರೆ ಕೊರಳ ಪಕ್ಕದ ಮೂಳೆ ನೋಡಿಸಬೇಕು.

ಕೊನೆಗೆ ಉಳಿಯುವುದು ಖಾಲಿ ಕ್ರಿಬ್. ಕಲಘಟಗಿಯ ಬಣ್ಣದ ತೊಟ್ಟಿಲು ಮನೆಯಿಂದ ಮನೆಗೆ, ತಲೆಮಾರಿನಿಂದ ತಲೆಮಾರಿಗೆ ಹೋಗುವ ಹಾಗೆ ಕ್ರಿಬ್ ಕೂಡ ನಾದಿನಿಯ ಮನೆಗೋ ಸ್ನೇಹಿತರ ಮನೆಗೋ ಹೋಗುತ್ತದೆ. ಕೊಡುವ ಮೊದಲು ಕಂಬಿಗಳ ನಡುವಿನ ಅಂತರ ಅಳೆಯಿರಿ, 6 ಸೆಂಟಿಮೀಟರ್ ದಾಟಬಾರದು. ಒಂದು ಪಕ್ಕ ಕೆಳಗೆ ಜಾರುವ ಮಾದರಿಯದಾದರೆ ಕೊಡಲೇಬೇಡಿ. ಮಕ್ಕಳು ಸಿಕ್ಕಿ ಸತ್ತ ಕಾರಣಕ್ಕೆ ಅಮೆರಿಕದಲ್ಲಿ 2011ರಿಂದ ಅದರ ಮಾರಾಟವೇ ನಿಂತಿದೆ. ಉಳಿದದ್ದಾದರೆ ಬಿಚ್ಚಿದ ಬೋಲ್ಟು, ನಟ್ಟುಗಳನ್ನೆಲ್ಲ ಎಣಿಸಿ ಒಂದು ಬಟ್ಟೆಚೀಲಕ್ಕೆ ಹಾಕಿ, ಆ ಚೀಲವನ್ನು ಕ್ರಿಬ್‌ನ ಕಾಲಿಗೇ ಕಟ್ಟಿ ಕೊಡಿ.