ಮೊಣಕಾಲು ಆಪರೇಷನ್: ಬೆನ್ನಿಗೆ ಸೂಜಿಯೋ, ಪೂರ್ತಿ ನಿದ್ದೆಯೋ?

ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯವರು ಮಂಗಳೂರಿಗೆ ಹೋಗಿ ಮೊಣಕಾಲ ಗಂಟು ಬದಲಾಯಿಸಿಕೊಳ್ಳುವುದು ಈಗ ಮಾಮೂಲು. ಆಪರೇಷನ್ನಿಗೆ ಒಪ್ಪಿದವರೂ ಅನಸ್ತೇಷಿಯಾ (ಅರಿವಳಿಕೆ) ಅಂದಾಗ ತಡವರಿಸುತ್ತಾರೆ. ನೆಂಟರು ಒಂದು ಹೇಳುತ್ತಾರೆ, ಪಕ್ಕದ ಬೆಡ್ಡಿನವರು ಇನ್ನೊಂದು. ಈಚೆಗೆ ‘ಬ್ಲಾಕ್’, ಅಂದರೆ ನರದ ಹತ್ತಿರ ಮದ್ದು ಬಿಟ್ಟು ನೋವು ತಡೆಯುವುದೂ ಸೇರಿಕೊಂಡಿದೆ.

1846ರಲ್ಲಿ ಬೋಸ್ಟನ್ನಿನಲ್ಲಿ ಉಸಿರಿನ ಮೂಲಕ ನಿದ್ದೆ ಬರಿಸುವ ಈಥರ್ ಬಂತು. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಬೆನ್ನಿಗೆ ಕೊಕೇನ್ ಚುಚ್ಚಿ ಕಾಲು ಮರಗಟ್ಟಿಸಿದರು. ತನ್ನ ಮೇಲೇ ಪ್ರಯೋಗ ಮಾಡಿಸಿಕೊಂಡು ದಿನಗಟ್ಟಲೆ ತಲೆನೋವು ಅನುಭವಿಸಿದರು. ಈಗಿನ ಸೂಜಿ ಕೂದಲಿನಷ್ಟಲ್ಲದಿದ್ದರೂ ಬಹಳ ಸಣ್ಣದು, 25–27 ಗೇಜಿನದು (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ಸಣ್ಣ). ವಯಸ್ಸಾದವರಿಗೆ ಆ ತಲೆನೋವು ಬರುವುದೂ ಕಡಿಮೆ. ‘ಸೂಜಿ ಹಾಕಿಸಿಕೊಂಡರೆ ಜನ್ಮಪೂರ್ತಿ ಸೊಂಟನೋವು’ ಅನ್ನುವ ಮಾತಿಗೆ ಆಧಾರವಿಲ್ಲ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಅಷ್ಟೆ.

ನಿಜವಾದ ತಲೆಬಿಸಿ ಇದ್ದದ್ದು ಆಪರೇಷನ್ ಮುಗಿದ ಮೇಲೆ. ಸ್ಪೈನಲ್, ಅಂದರೆ ಬೆನ್ನಿನ ಸೂಜಿಯ ಮರಗಟ್ಟು, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ರಾತ್ರಿ ನೋವು ಶುರು. ಹಾಗಾಗಿ ಬೆನ್ನಿನಲ್ಲೇ ಸಣ್ಣ ಟ್ಯೂಬ್ ಬಿಟ್ಟು ಅದರಲ್ಲಿ ಮದ್ದು ಕೊಡುತ್ತಿದ್ದರು, ಅದೇ ಎಪಿಡ್ಯೂರಲ್. ಬಿಪಿ ಇಳಿಯುತ್ತಿತ್ತು, ಮೂತ್ರ ಕಟ್ಟುತ್ತಿತ್ತು. ಮುಂದೆ ತೊಡೆಸಂದಿಯಲ್ಲಿ ಫೆಮೋರಲ್ ನರದ ಬ್ಲಾಕ್ ಬಂತು. ನೋವೇನೋ ಹೋಯಿತು, ಜೊತೆಗೆ ತೊಡೆಯ ಬಲವೂ ಹೋಯಿತು. ಬಾತ್‌ರೂಮಿಗೆ ಅಂತ ಎದ್ದರೆ ಕಾಲು ಕುಸಿಯುವ ಭಯ.

ಈಗ ಅಲ್ಟ್ರಾಸೌಂಡ್ ನೋಡಿಕೊಂಡು ತೊಡೆಯ ಮಧ್ಯಕ್ಕೆ, ಸ್ನಾಯುಗಳ ನಡುವೆ ನರ ಹಾದುಹೋಗುವ ಅಡಕ್ಟರ್ ಕೆನಾಲಿಗೆ ಮದ್ದು ಬಿಡುತ್ತಾರೆ. ಅಲ್ಲಿ ಮುಖ್ಯವಾಗಿ ನೋವು ತಿಳಿಸುವ ನರಗಳಿರುವುದರಿಂದ ತೊಡೆಯ ಬಲ ಬಹುಪಾಲು ಉಳಿಯುತ್ತದೆ. ಮೊಣಕಾಲಿನ ಹಿಂಭಾಗ ಮಾತ್ರ ಇದಕ್ಕೆ ಸಿಗುವುದಿಲ್ಲ. ಅದಕ್ಕೇ ಗಾಯ ಮುಚ್ಚುವ ಮೊದಲು ಸರ್ಜನ್ ಗಂಟಿನ ಸುತ್ತಲೂ ಮದ್ದು ಚುಚ್ಚುತ್ತಾರೆ. ಎಲ್ಲ ಸರಿಯಾದರೆ ಅದೇ ಸಂಜೆಯೋ ಮರುದಿನವೋ ವಾಕರ್ ಹಿಡಿದು ನಾಲ್ಕು ಹೆಜ್ಜೆ. ಅಂದರೆ ಬ್ಲಾಕ್ ಸ್ಪೈನಲ್ಲಿಗೆ ಎದುರಾಳಿ ಅಲ್ಲ, ಜೊತೆಗಾರ. ಪೂರ್ತಿ ನಿದ್ದೆ ಮಾಡಿಸಿದರೂ ಕೊಡಬಹುದು.

ಮೊಣಕಾಲಿಗೆ ಸ್ಪೈನಲ್ ಕಡೆ ಒಲವು ಜಾಸ್ತಿ. ಹಾಗಂತ ಪೂರ್ತಿ ನಿದ್ದೆಗೆ ಹೆದರಬೇಕಿಲ್ಲ. ವಾಂತಿ ಬಂದ ಹಾಗಾಗುವುದು, ಗಂಟಲು ನೋವು ಕೆಲವರಿಗೆ ಇರುತ್ತದೆ. ಬೆನ್ನುಮೂಳೆಗೆ ಹಿಂದೆ ಆಪರೇಷನ್ ಆದವರಿಗೆ ಕೆಲವೊಮ್ಮೆ ಅದೇ ಸುಲಭ. ಸ್ಪೈನಲ್ಲಿನಲ್ಲಿ ಸುತ್ತಿಗೆ ಸದ್ದು ಕೇಳಿಸುತ್ತದೆ ಅಂತ ಹೆದರುವವರಿಗೆ ಮಂಪರಿನ ಮದ್ದೂ ಉಂಟು.

ಇಷ್ಟೆಲ್ಲ ವಿಷಯವನ್ನು ಆಪರೇಷನ್ನಿನ ಹಿಂದಿನ ಸಂಜೆ ಐದು ನಿಮಿಷದಲ್ಲಿ ಹೇಳಿ, ಇಂಗ್ಲಿಷ್ ಫಾರಂಗೆ ಸಹಿ ಹಾಕಿಸಿದರೆ ಅಜ್ಜಿಗೆ ಏನು ಅರ್ಥವಾಗಬೇಕು, ಅಲ್ವಾ? ತಡವಾದರೆ ತೊಂದರೆಯೂ ಇದೆ. ಹೃದಯದ ಸ್ಟೆಂಟಿಗೆ ಅಂತ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಮಾತ್ರೆ ತಿನ್ನುವವರು ಸ್ಪೈನಲ್ಲಿಗೆ 5ರಿಂದ 7 ದಿನ ಮೊದಲೇ, ಅದೂ ಹೃದಯದ ಡಾಕ್ಟರು ಒಪ್ಪಿದರೆ ಮಾತ್ರ, ಅದನ್ನು ನಿಲ್ಲಿಸಬೇಕಾಗುತ್ತದೆ. ಅಡ್ಮಿಟ್ ಆದ ದಿನ ಆ ಮಾತ್ರೆಯ ಸುದ್ದಿ ಬಂದರೆ ಬೆನ್ನಿನ ಸೂಜಿಯನ್ನು ಕೈಬಿಡಬೇಕು, ಇಲ್ಲವೇ ಆಪರೇಷನ್ನನ್ನೇ ಮುಂದೆ ಹಾಕಬೇಕು.